ಹದಿನೆಂಟೂವರೆಯ ಗುರುತು

ಹೋದ ದೀಪಾವಳಿ ಕಳೆದ ಮೇಲಿನ ಎರಡನೆಯ ಗುರುವಾರ, ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷಕ್ಕೆ, ನಾನು ಕಾರವಾರದ ಒಂದು ಸಣ್ಣ ಖಾಸಗಿ ಆಸ್ಪತ್ರೆಯ ಆಪರೇಷನ್ ಕೋಣೆಯಲ್ಲಿ ಮೇಜಿನ ಎಡಬದಿಗೆ, ಒಬ್ಬ ಹುಡುಗಿಯ ಎಡಭುಜದಿಂದ ಒಂದು ಗೇಣು ದೂರದಲ್ಲಿ ನಿಂತಿದ್ದೆ. ನನ್ನ ಬೆನ್ನ ಹಿಂದೆ ಅರಿವಳಿಕೆಯ ಯಂತ್ರ, ಎದುರಿನ ಗೋಡೆಯಲ್ಲಿ ಗಡಿಯಾರ. ನನ್ನ ಬಲಗೈ ಹಸಿರು ಬಟ್ಟೆಯ ಕೆಳಗೆ ಹುಡುಗಿಯ ಎದೆಯ ಎಡಭಾಗದ ಮೇಲಿತ್ತು.

ಇಷ್ಟನ್ನು ಮೊದಲೇ ಬರೆಯಲು ಕಾರಣವಿದೆ. ಆ ದಿನ ನಡೆದದ್ದನ್ನು ಈಗ ಹಲವರು ಹಲವು ರೀತಿಯಲ್ಲಿ ಹೇಳುತ್ತಾರೆ. ಟ್ಯೂಬು ಕಳಚಿ ಹೊರಗೆ ಬಂತು ಎನ್ನುವವರಿದ್ದಾರೆ. ಯಂತ್ರ ಕೆಟ್ಟಿತ್ತು ಎಂದು ಒಬ್ಬರು ನನಗೇ ಹೇಳಿದರು. ಎರಡೂ ನಿಜವಲ್ಲ. ನನ್ನ ಕೈಗೆ ತಾಕಿದ್ದನ್ನು ಮತ್ತು ಕಣ್ಣಿಗೆ ಬಿದ್ದದ್ದನ್ನು ಮಾತ್ರ ಇಲ್ಲಿ ಬರೆಯುತ್ತೇನೆ.

ನಾನು ಓಟಿ, ಅಂದರೆ ಆಪರೇಷನ್ ಕೋಣೆಯ, ಟೆಕ್ನಿಷಿಯನ್. ಅರಿವಳಿಕೆ ಕೊಡುವುದು ಡಾಕ್ಟರರ ಕೆಲಸ. ಅವರಿಗೆ ಬೇಕಾದದ್ದನ್ನು ಬೇಕಾದ ಕ್ಷಣಕ್ಕೆ ಅವರ ಕೈಗೆ ಕೊಡುವುದು ನನ್ನದು. ಇಪ್ಪತ್ತೆರಡು ವರ್ಷದಿಂದ ಇದೇ ಮಾಡುತ್ತಿದ್ದೇನೆ. ಮಕ್ಕಳ ಹಲ್ಲಿನ ಶಸ್ತ್ರಚಿಕಿತ್ಸೆ ನಮ್ಮಲ್ಲಿ ಎರಡು ವಾರಕ್ಕೊಮ್ಮೆ ಗುರುವಾರ ನಡೆಯುತ್ತದೆ. ಮಕ್ಕಳ ಹಲ್ಲಿನ ಡಾಕ್ಟರ್ ಮೇಡಂ ಆ ದಿನ ಗೋವಾ ಕಡೆಯಿಂದ ಬರುತ್ತಾರೆ. ಕುರ್ಚಿಯಲ್ಲಿ ಕೂತು ಬಾಯಿ ತೆರೆಯಲು ಒಪ್ಪದ ಸಣ್ಣ ಮಕ್ಕಳಿಗೆ, ಏಳೆಂಟು ಹಲ್ಲು ಒಟ್ಟಿಗೆ ಹುಳುಕು ಹಿಡಿದವರಿಗೆ, ಪೂರ್ತಿ ನಿದ್ದೆ ಬರಿಸಿ ಒಂದೇ ಸಲಕ್ಕೆ ಎಲ್ಲವನ್ನೂ ಮುಗಿಸುತ್ತಾರೆ.

ಹಲ್ಲಿನ ಕೆಲಸ ನಡೆಯುವುದು ಬಾಯಿಯಲ್ಲಿ. ಆದ್ದರಿಂದ ಉಸಿರಿನ ಟ್ಯೂಬನ್ನು ಬಾಯಿಯ ದಾರಿಯಲ್ಲಿ ಹಾಕುವಂತಿಲ್ಲ. ಮೂಗಿನಿಂದ ಇಳಿಸಿ, ಗಂಟಲು ದಾಟಿಸಿ, ಶ್ವಾಸನಾಳದೊಳಗೆ ಕೂರಿಸಬೇಕು. ಅದಕ್ಕೆ ಎರಡು ತೀರ್ಮಾನ ಬೇಕು. ಎಷ್ಟು ದಪ್ಪದ ಟ್ಯೂಬು, ಎಷ್ಟು ಆಳಕ್ಕೆ. ದಪ್ಪ ಹೆಚ್ಚಾದರೆ ಮಗುವಿನ ಶ್ವಾಸನಾಳದ ಇಕ್ಕಟ್ಟಾದ ಜಾಗದಲ್ಲಿ ಗಾಯ. ಕಡಿಮೆಯಾದರೆ ಸುತ್ತಲಿಂದ ಗಾಳಿ ಸೋರುತ್ತದೆ. ಆಳ ಕಡಿಮೆಯಾದರೆ ಟ್ಯೂಬು ಹೊರಗೆ ಜಾರಿ ಬರುತ್ತದೆ. ಹೆಚ್ಚಾದರೆ ಶ್ವಾಸನಾಳ ಕವಲೊಡೆಯುವ ಜಾಗವನ್ನು ದಾಟಿ, ಸಾಮಾನ್ಯವಾಗಿ ಬಲಗಡೆಯ ಕವಲಿಗೆ ಇಳಿಯುತ್ತದೆ. ಆಗ ಬಲಶ್ವಾಸಕೋಶಕ್ಕೆ ಮಾತ್ರ ಗಾಳಿ, ಎಡಕ್ಕೆ ಇಲ್ಲ. ದೊಡ್ಡವರಲ್ಲಿ ಈ ಎರಡು ತಪ್ಪಿನ ನಡುವೆ ಸಾಕಷ್ಟು ಜಾಗವಿದೆ. ಐದು ವರ್ಷದ ಮಗುವಿನಲ್ಲಿ ಇರುವುದು ಬೆರಳಗಲ.

ಈ ತೀರ್ಮಾನಕ್ಕೆ ಒಂದು ಲೆಕ್ಕವಿದೆ, ಅದು ವಯಸ್ಸಿನಿಂದ ಶುರುವಾಗುತ್ತದೆ. ವಯಸ್ಸನ್ನು ನಾಲ್ಕರಿಂದ ಭಾಗಿಸಿ ಮೂರೂವರೆ ಕೂಡಿಸಿದರೆ ಟ್ಯೂಬಿನ ಗಾತ್ರ ಮಿಲಿಮೀಟರಿನಲ್ಲಿ ಸಿಗುತ್ತದೆ. ವಯಸ್ಸಿನ ಅರ್ಧಕ್ಕೆ ಹದಿನೈದು ಕೂಡಿಸಿದರೆ ಮೂಗಿನ ಹೊಳ್ಳೆಯಲ್ಲಿ ಎಷ್ಟನೆಯ ಸೆಂಟಿಮೀಟರಿನ ಗುರುತು ನಿಲ್ಲಬೇಕು ಎಂಬುದು ಸಿಗುತ್ತದೆ. ಮೂಗಿಗೆಂದೇ ಬಾಗಿಸಿ ತಯಾರಿಸಿದ ಟ್ಯೂಬುಗಳೂ ಬರುತ್ತವೆ. ನಮ್ಮ ಅರಿವಳಿಕೆ ಡಾಕ್ಟರರು ಅವನ್ನು ಹೆಚ್ಚು ಬಳಸುವುದಿಲ್ಲ. ಅವುಗಳಲ್ಲಿ ಬಾಗು ಎಲ್ಲಿದೆಯೋ ಆಳವೂ ಅಷ್ಟೇ. “ನಮ್ಮ ಬದ್ಲು ಅದೇ ತೀರ್ಮಾನ ಮಾಡ್ತದೆ,” ಎನ್ನುತ್ತಾರೆ ಅವರು. ಅವರಿಗೆ ನೇರ ಟ್ಯೂಬೇ ಬೇಕು.

ಹುಡುಗಿಯನ್ನು ನಾನು ಮೊದಲು ನೋಡಿದ್ದು ಹಿಂದಿನ ದಿನ, ಬುಧವಾರ ಮಧ್ಯಾಹ್ನ, ತಪಾಸಣೆಯ ಕೋಣೆಯಲ್ಲಿ. ಅಮದಳ್ಳಿಯಿಂದ ಮುಂದೆ, ಅಂಕೋಲೆಯ ದಿಕ್ಕಿಗೆ, ಹೆದ್ದಾರಿಗೆ ತಾಗಿದ ಒಂದು ಹಳ್ಳಿಯವರು. ತಾಯಿ ಮತ್ತು ಅಜ್ಜಿ ಜೊತೆಗಿದ್ದರು. ಭತ್ತದ ಕೊಯ್ಲಿನ ಸಮಯ, ಕೂಲಿ ಬಿಟ್ಟು ಬಂದಿದ್ದರು. ಹುಡುಗಿಯ ಎಡಗೆನ್ನೆ ಸ್ವಲ್ಪ ಊದಿಕೊಂಡಿತ್ತು. ನಾನು ಅವಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ ಹದಿನಾಲ್ಕೂವರೆ ಕಿಲೋ ಎಂದು ಓದಿದೆ. ತಾಯಿ ಆಧಾರ್ ಕಾರ್ಡು ಕೊಟ್ಟಳು. ಅದರ ಪ್ರಕಾರ ಏಳು ವರ್ಷ.

“ಅರೇ, ಏಳಕ್ಕೆ ಹದಿನಾಲ್ಕೂವರೆನಾ?” ಎಂದರು ಅರಿವಳಿಕೆ ಡಾಕ್ಟರ್. “ಎಂತ ತಿಂತದೆ ಇದು?”

“ಉಣ್ಣುದೇ ಇಲ್ಲ ಡಾಕ್ಟ್ರೇ,” ಎಂದಳು ತಾಯಿ. “ಅನ್ನದ ಅಗುಳು ಹಲ್ಲಿಗೆ ತಾಗಿದ್ರೂ ಕೂಗ್ತದೆ. ಮೀನು ಅಂದ್ರೆ ಜೀವ ಬಿಡ್ತಿತ್ತು. ಈಗ ಮುಳ್ಳು ಬಿಡ್ಸಿ ಕೊಟ್ರೂ ಬ್ಯಾಡ ಅಂತದೆ.”

ಡಾಕ್ಟರ್ ತಲೆಯಾಡಿಸಿದರು. ಹಲ್ಲು ಹಾಳಾದ ಮಕ್ಕಳು ತೂಕ ಕಳೆದುಕೊಳ್ಳುವುದು ನಮಗೆ ಹೊಸತಲ್ಲ. ಮೇಡಂ ಎರಡು ವಾರದ ಹಿಂದೆ ಬರೆದ ಚೀಟಿಯನ್ನು ಅವರು ಓದಿದರು. ಏಳು ಹಾಲುಹಲ್ಲು ಹಾಳಾಗಿವೆ, ಶಾಶ್ವತ ಹಲ್ಲು ಒಂದೂ ಮೂಡಿಲ್ಲ, ತಡವಾಗಿ ಮೂಡಬಹುದು ಎಂದಿತ್ತು. ಅದನ್ನು ನಾನೂ ಪಕ್ಕದಿಂದ ಓದಿದೆ.

ಆಗ ನನಗೆ ಒಂದು ಅನುಮಾನ ಬಂತು. ಬಂದದ್ದು ನಿಜ, ಅದನ್ನು ಮುಚ್ಚಿಡುವುದಿಲ್ಲ. ನಾನೂ ಅಂಕೋಲೆ ಕಡೆಯ ಹಳ್ಳಿಯವನು. ನಮ್ಮ ಮನೆಗಳಲ್ಲಿ ವಯಸ್ಸು ಎರಡು ಇರುತ್ತದೆ, ಒಂದು ಶಾಲೆಗೆ, ಇನ್ನೊಂದು ಮನೆಗೆ. ನಾನೇ ಕಾಗದದ ಮೇಲೆ ಒಂದು ವರ್ಷ ನಾಲ್ಕು ತಿಂಗಳು ದೊಡ್ಡವನು. ನನ್ನ ಅಣ್ಣನ ಜೊತೆ ಶಾಲೆಗೆ ಹೋಗುತ್ತೇನೆಂದು ಹಟ ಮಾಡಿದ್ದೆನಂತೆ. ಅಪ್ಪ ಹೋಗಿ ಮಾಸ್ತರರ ಹತ್ತಿರ ವಯಸ್ಸು ಏರಿಸಿ ಬರೆಸಿದರು. ಈಗಿನ ಕಾಲದಲ್ಲಿ ಜನನ ಪತ್ರ, ಆಧಾರ್ ಎಲ್ಲ ಇರುವಾಗ ಹಾಗೆಲ್ಲ ನಡೆಯಲಾರದು ಎಂದುಕೊಂಡೆ. ಕಾರ್ಡನ್ನು ತಾಯಿಗೆ ಹಿಂತಿರುಗಿಸಿದೆ. ಕೇಳಲಿಲ್ಲ.

ಗುರುವಾರ ಬೆಳಿಗ್ಗೆ ಎಂಟೂವರೆಗೆ ನಾನು ಟ್ಯೂಬುಗಳನ್ನು ಇಟ್ಟೆ. ಏಳು ವರ್ಷದ ಲೆಕ್ಕಕ್ಕೆ ಐದು ಕಾಲು ಬರುತ್ತದೆ, ಅಂಥ ಗಾತ್ರ ಇಲ್ಲ, ಐದನ್ನು ತೆಗೆದುಕೊಳ್ಳುತ್ತೇವೆ. ಅದರ ಜೊತೆಗೆ ಅರ್ಧ ಸಣ್ಣದು ನಾಲ್ಕೂವರೆ, ಅರ್ಧ ದೊಡ್ಡದು ಐದೂವರೆ. ಮೂರೂ ಸಾಲಾಗಿ ಇಡದಿದ್ದರೆ ಡಾಕ್ಟರ್ ಕೆಲಸ ಶುರುಮಾಡುವುದಿಲ್ಲ. ಐದರ ಟ್ಯೂಬನ್ನು ಬೆಚ್ಚಗಿನ ಸಲೈನಿನಲ್ಲಿ ಮುಳುಗಿಸಿದೆ. ಮೆತ್ತಗಾದರೆ ಮೂಗಿನಲ್ಲಿ ರಕ್ತ ಬರುವುದು ಕಡಿಮೆ.

ಓಟಿಯ ಹಿರಿಯ ಸಿಸ್ಟರ್ ಮಾಜಾಳಿಯವರು. ಅವರು ಹತ್ತಿರ ಬಂದು ನೋಡಿದರು.

“ಎಂತಾ ಮಾರಾಯಾ, ಮದ್ವೆ ಊಟಕ್ಕೆ ಎಲೆ ಹಾಕಿದಂಗೆ ಸಾಲಾಗಿ ಇಟ್ಟಿದ್ಯಲಾ! ಉಣ್ಣುದು ಒಂದೇ ಕೂಸಲಾ?”

“ಎಲೆ ಹೆಚ್ಚಾದ್ರೆ ಅಡ್ಡಿಲ್ಲ ಸಿಸ್ಟರ್. ಕಡ್ಮೆ ಆದ್ರೆ ಮರ್ಯಾದೆ ಹೋಗ್ತದೆ.”

“ಹೌದೌದು, ನಿನ್ ಮರ್ಯಾದೆ ಎಲ್ಲಾ ಆ ಟ್ಯೂಬಲ್ಲೇ ಅದೆ,” ಎಂದು ನಗುತ್ತಾ ಅವರು ಹತ್ತಿಯ ಪಟ್ಟಿಗಳನ್ನು ಎಣಿಸಲು ಹೋದರು.

ಯಂತ್ರದ ಅಂಚಿಗೆ ಒಂದು ಬಿಳಿ ಅಂಟುಪಟ್ಟಿ ಹಚ್ಚಿ ಮಾರ್ಕರಿನಲ್ಲಿ ನಾನೇ ಬರೆದೆ: ಮೇಲೆ ಐದು, ಕೆಳಗೆ ಹದಿನೆಂಟೂವರೆ.

ಹುಡುಗಿಯನ್ನು ನಾನೇ ಎತ್ತಿಕೊಂಡು ಒಳಗೆ ತಂದೆ. ತೋಳಿನಲ್ಲಿ ತೂಕವೇ ಇರಲಿಲ್ಲ.

“ಮಾಮಾ, ಸೂಜಿ ಅದ್ಯಾ?”

“ಈಗ ಸೂಜಿ ಇಲ್ಲ. ಬಲೂನ್ ಊದುದು, ಅಷ್ಟೇ.”

“ಸುಳ್ಳು ಹೇಳ್ತೆ ನೀನು,” ಎಂದಳು. ಸೂಜಿ ಇತ್ತು, ಆದರೆ ನಿದ್ದೆ ಬಂದ ಮೇಲೆ. ಮುಖಕ್ಕೆ ಹಿಡಿದ ಮಾಸ್ಕಿನಲ್ಲಿ ಆರೇಳು ಸಲ ಊದಿ ಮಲಗಿದಳು.

ಮೂಗಿಗೆ ಹನಿ ಹಾಕಿ, ಜೆಲ್ಲಿ ಸವರಿ, ಡಾಕ್ಟರ್ ಐದರ ಟ್ಯೂಬನ್ನು ಬಲಹೊಳ್ಳೆಯಿಂದ ಇಳಿಸಿದರು. ಮೂಗಿನಲ್ಲಿ ಬಿಗಿಯಾಗಿತ್ತು, ಆದರೂ ಹೋಯಿತು. ಬಾಯಿ ತೆರೆಸಿ, ಗಂಟಲು ನೋಡುವ ಲಾರಿಂಗೋಸ್ಕೋಪಿನ ಬೆಳಕಿನಲ್ಲಿ ಮುಂದೆ ಸರಿಸಿದಾಗ ಧ್ವನಿತಂತುಗಳ ನಡುವೆ ತುದಿ ತಲುಪಿತು. ಅಲ್ಲಿಂದ ಮುಂದೆ ಹೋಗಲಿಲ್ಲ. ಅವರು ಒಂದು ಸಲ ತಿರುಗಿಸಿ ನೋಡಿದರು. ಎರಡನೆಯ ಸಲ ಪ್ರಯತ್ನಿಸಲಿಲ್ಲ. ಇಷ್ಟು ವರ್ಷದಲ್ಲಿ ಅವರು ಟ್ಯೂಬನ್ನು ಒತ್ತಿದ್ದು ನಾನು ನೋಡಿಲ್ಲ.

“ನಾಲ್ಕೂವರೆ ಕೊಡು.”

ಕೊಟ್ಟೆ. ಅದು ಸಲೀಸಾಗಿ ಹೋಯಿತು. ತುದಿಯ ಸಣ್ಣ ಬಲೂನಿಗೆ ಸ್ವಲ್ಪವೇ ಗಾಳಿ ತುಂಬಿಸಿದರು, ಸೋರಿಕೆ ನಿಂತಿತು. ನಾನು ಅಂಟುಪಟ್ಟಿಯ ಮೇಲೆ ಐದನ್ನು ಹೊಡೆದು ಹಾಕಿ ನಾಲ್ಕೂವರೆ ಎಂದು ಬರೆದೆ.

“ಆಳ?”

ನಾನು ಪಟ್ಟಿಯನ್ನು ನೋಡಿ ಓದಿದೆ. “ಹದಿನೆಂಟೂವರೆ ಸಾರ್.”

ಗಾತ್ರ ಬದಲಾದಾಗ ಆಳವನ್ನೂ ಮತ್ತೆ ಕೇಳಿಕೊಳ್ಳಬೇಕಿತ್ತು. ಏಳು ವರ್ಷದ್ದೆಂದು ತಂದ ಟ್ಯೂಬು ಹಿಡಿಸದೆ ಹೋದಾಗ ಆ ಏಳರ ಮೇಲೆಯೇ ಸಂಶಯ ಬರಬೇಕಿತ್ತು. ಮೇಲಿನ ಅಂಕಿಯನ್ನು ಹುಡುಗಿಯ ಮೈ ತಿದ್ದಿತು. ಕೆಳಗಿನದು ಕಾರ್ಡಿನ ಏಳರ ಲೆಕ್ಕದಂತೆಯೇ ಉಳಿಯಿತು, ಅದನ್ನು ಓದಿದವನು ನಾನು.

ಡಾಕ್ಟರ್ ಸ್ಟೆತಸ್ಕೋಪ್ ಇಟ್ಟು ಎರಡೂ ಕಡೆ ಕೇಳಿದರು. ಎರಡೂ ಕಡೆ ಸಮನಾಗಿತ್ತು. ತಲೆ ಆಗ ನೇರವಾಗಿತ್ತು, ಇದು ಮುಖ್ಯ. ಹದಿನೆಂಟೂವರೆಯ ಗುರುತು ಹೊಳ್ಳೆಯ ಅಂಚಿಗೆ ಬರುವಂತೆ ನಾನು ಟೇಪು ಹಚ್ಚಿದೆ. ರಕ್ತ ಒಳಗಿಳಿಯದಂತೆ ಗಂಟಲಿಗೆ ಒದ್ದೆ ಪಟ್ಟಿ ತುಂಬಿಸಿ, ಅದರ ದಾರವನ್ನು ಹೊರಗೆ ಬಿಟ್ಟಾಯಿತು. ಮೇಡಂ ತಲೆಯ ಕಡೆ ಸ್ಟೂಲು ಎಳೆದುಕೊಂಡು ಕೂತರು. ಡಾಕ್ಟರ್ ನನ್ನ ಹಿಂದೆ ಯಂತ್ರದ ಹತ್ತಿರ ನಿಂತರು. ನಾನು ಕೈಯನ್ನು ಬಟ್ಟೆಯ ಕೆಳಗಿಟ್ಟೆ. ನನಗೆ ಕೆಲಸ ಕಲಿಸಿದ ಹಿರಿಯ ಟೆಕ್ನಿಷಿಯನ್ ಹಾಕಿಕೊಟ್ಟ ಅಭ್ಯಾಸ ಅದು. ಪರದೆಯ ಅಂಕಿ ಬೀಳುವುದು ಆಮೇಲೆ, ಮೊದಲು ತಿಳಿಯುವುದು ಅಂಗೈಗೆ ಎನ್ನುತ್ತಿದ್ದರು. ಎಡಗಡೆಯೇ ಇಡಬೇಕು ಎಂದೂ ಹೇಳಿದ್ದರು.

ಒಂಬತ್ತು ಮೂವತ್ತೆಂಟಕ್ಕೆ ಮೇಡಂ ಕೆಳದವಡೆಯ ಹಿಂದಿನ ಹಲ್ಲು ಸರಿಯಾಗಿ ಕಾಣುತ್ತಿಲ್ಲವೆಂದು ತಲೆಯ ಕೆಳಗೆ ಒಂದು ದಪ್ಪ ಬಟ್ಟೆ ಮಡಚಿ ಇಡಿಸಿದರು. ಸಿಸ್ಟರ್ ಇಟ್ಟರು. ಮೇಡಂ ಗಲ್ಲವನ್ನು ಎದೆಯ ಕಡೆಗೆ ಬಾಗಿಸಿದರು. ತಲೆ ಬಾಗಿದರೆ ಮೂಗಿನ ಟ್ಯೂಬಿನ ತುದಿ ಒಳಕ್ಕೆ ಸರಿಯುತ್ತದೆ, ಎತ್ತಿದರೆ ಹೊರಕ್ಕೆ. ಇದು ನಮಗೆಲ್ಲರಿಗೂ ಗೊತ್ತು. ಆಳ ಸರಿಯಿದ್ದರೆ ಆ ಸರಿದಾಟಕ್ಕೂ ಜಾಗ ಇರುತ್ತದೆ. ಇಲ್ಲಿ ಅದು ಮುಂಚೆಯೇ ಮುಗಿದಿತ್ತು.

ನನ್ನ ಅಂಗೈಯ ಕೆಳಗೆ ಎದೆ ಏಳುವುದು ನಿಂತಿತು.

ಯಂತ್ರ ಉಸಿರು ತಳ್ಳುವ ಶಬ್ದ ಕೇಳುತ್ತಿತ್ತು. ಬಲಗಡೆ ಬಟ್ಟೆ ಮೇಲೇರಿ ಇಳಿಯುವುದು ಕಾಣುತ್ತಿತ್ತು. ಎಡಗಡೆ ಇಲ್ಲ. ನಾನು ಎರಡು ಉಸಿರು ಕಾದೆ. ಯಾಕೆ ಕಾದೆ ಎಂದು ಈಗಲೂ ಕೇಳಿಕೊಳ್ಳುತ್ತೇನೆ. ನನ್ನ ಕೈಯೇ ತಪ್ಪಿರಬಹುದು ಎಂದುಕೊಂಡೆ, ಬೇರೆ ಕಾರಣವಿಲ್ಲ. ಮೂರನೆಯ ಉಸಿರಿಗೆ ಗಡಿಯಾರ ನೋಡಿದೆ, ಒಂಬತ್ತು ನಲವತ್ತು. ಹೇಳಿದೆ.

“ಸಾರ್, ಎಡಗಡೆ ಏಳ್ತಾ ಇಲ್ಲ.”

ಡಾಕ್ಟರ್ ಪರದೆಯತ್ತ ನೋಡಿದರು. ರಕ್ತದ ಆಮ್ಲಜನಕ ನೂರಕ್ಕೆ ತೊಂಬತ್ತೊಂಬತ್ತು ಇದ್ದದ್ದು ತೊಂಬತ್ತಾರು. ಗಾಳಿ ತಳ್ಳಲು ಯಂತ್ರಕ್ಕೆ ಬೇಕಾದ ಒತ್ತಡ ಹದಿನಾರರಿಂದ ಇಪ್ಪತ್ತನಾಲ್ಕಕ್ಕೆ ಏರಿತ್ತು.

“ಮೇಡಂ, ಕೈ ತೆಗೀರಿ,” ಎಂದರು. ಧ್ವನಿ ಏರಿಸಲಿಲ್ಲ. “ತಲೆ ಯಾರೂ ಮುಟ್ಬೇಡಿ. ಪೂರ್ತಿ ಆಕ್ಸಿಜನ್.”

ನಾನು ಗುಂಡಿ ತಿರುಗಿಸಿದೆ. ತೊಂಬತ್ಮೂರು. ಅವರು ಎಡ ಕಂಕುಳಿನ ಕೆಳಗೆ ಸ್ಟೆತಸ್ಕೋಪ್ ಇಟ್ಟು ಕೇಳಿದರು, ಬಲಕ್ಕೆ ಇಟ್ಟು ಕೇಳಿದರು, ಮತ್ತೆ ಎಡಕ್ಕೆ. ತೊಂಬತ್ತು. ಯಂತ್ರ ಕೂಗತೊಡಗಿತು. ಸಿಸ್ಟರ್ ಅದರ ಸದ್ದನ್ನು ಅಡಗಿಸಿದರು.

“ಬಲಕ್ಕೆ ಹೋಗಿದೆ. ಟೇಪ್ ಬಿಡ್ಸು.”

ಬಿಡಿಸಿದೆ. ಟೇಪಿನ ಒಂದು ಮೂಲೆಯೂ ಹರಿಯಲಿಲ್ಲ. ಡಾಕ್ಟರ್ ಟ್ಯೂಬಿನ ಬಲೂನಿನ ಗಾಳಿ ತೆಗೆದರು. ಒಂದು ಕೈಯಲ್ಲಿ ಟ್ಯೂಬನ್ನು ಹೊಳ್ಳೆಯ ಹತ್ತಿರ ಹಿಡಿದು, ಕಿವಿಯಲ್ಲಿ ಸ್ಟೆತಸ್ಕೋಪ್ ಇಟ್ಟುಕೊಂಡೇ, ಸ್ವಲ್ಪ ಸ್ವಲ್ಪವಾಗಿ ಹೊರಗೆ ಎಳೆಯತೊಡಗಿದರು. ನಾನು ಹೊಳ್ಳೆಯ ಅಂಚಿನ ಗುರುತನ್ನು ಗಟ್ಟಿಯಾಗಿ ಓದುತ್ತಾ ಹೋದೆ. ಹದಿನೆಂಟು. ಹದಿನೇಳೂವರೆ. ಪರದೆಯಲ್ಲಿ ಎಂಬತ್ತೆಂಟು. ಮೇಡಂ ಎರಡೂ ಕೈಯನ್ನು ಎದೆಯ ಮುಂದೆ ಹಿಡಿದು, ತಲೆಯನ್ನು ಮುಟ್ಟದೆ, ಅಲುಗದೆ ಕೂತಿದ್ದರು. ಹದಿನೇಳು ಕಾಲು. ಹದಿನೇಳು.

“ಬಂತು,” ಎಂದರು ಡಾಕ್ಟರ್.

ನನ್ನ ಅಂಗೈಗೂ ಅದೇ ಉಸಿರಿಗೆ ಬಂತು. ಎಡಗಡೆ ಎದೆ ಮೊದಲು ಸಣ್ಣಗೆ, ಆಮೇಲೆ ಪೂರ್ತಿಯಾಗಿ ಎದ್ದಿತು. ಎಂಬತ್ತೆಂಟು ಒಂದಿಷ್ಟು ಹೊತ್ತು ಹಾಗೇ ನಿಂತು, ತೊಂಬತ್ತೆರಡು, ತೊಂಬತ್ತಾರು, ತೊಂಬತ್ತೊಂಬತ್ತಕ್ಕೆ ಹೋಯಿತು. ಗಡಿಯಾರದಲ್ಲಿ ಒಂಬತ್ತು ನಲವತ್ಮೂರು. ಎಲ್ಲ ಸೇರಿ ಮೂರು ನಿಮಿಷ.

ಟ್ಯೂಬನ್ನು ಹದಿನೇಳರಲ್ಲಿ ಭದ್ರಪಡಿಸಿದ ಮೇಲೆ ಡಾಕ್ಟರ್ ಮೇಡಂಗೆ, “ಈಗ ನಿಮ್ಗೆ ಹೇಗೆ ಬೇಕೋ ಹಾಗೆ ತಲೆ ಬಾಗ್ಸಿ ತೋರ್ಸಿ. ನಾನು ಕೇಳ್ತೇನೆ,” ಎಂದರು. ಅವರು ಬಾಗಿಸಿದರು, ಎತ್ತಿದರು, ಎರಡೂ ಪಕ್ಕಕ್ಕೆ ಹೊರಳಿಸಿದರು. ಪ್ರತಿ ಸಲವೂ ಡಾಕ್ಟರ್ ಎರಡೂ ಕಡೆ ಕೇಳಿದರು. ಹತ್ತು ನಿಮಿಷ ಕಾದರು. “ಮಾಡೋಣ,” ಎಂದರು. “ಈಗ ನಿಲ್ಸಿದ್ರೆ ಇನ್ನೊಂದು ದಿನ ಇದೇ ಮಗುವಿಗೆ ಮತ್ತೆ ನಿದ್ದೆ ಕೊಡ್ಬೇಕು. ಈಗ ಟ್ಯೂಬ್ ಎಲ್ಲಿದೆ ಅಂತ ನಂಗೆ ಸರಿಯಾಗಿ ಗೊತ್ತು.”

ನಾಲ್ಕು ಹಲ್ಲು ತೆಗೆದರು, ಮೂರನ್ನು ಉಳಿಸಿ ಅವಕ್ಕೆ ಲೋಹದ ಟೋಪಿ ಹಾಕಿದರು. ಮುಂದಿನ ಒಂದು ಗಂಟೆ ಹತ್ತು ನಿಮಿಷ ಪರದೆಯ ಅಂಕಿ ಕದಲಲಿಲ್ಲ. ನಾನು ಕೈಯನ್ನೂ ತೆಗೆಯಲಿಲ್ಲ.

ಗಂಟಲಿನ ಪಟ್ಟಿ ತೆಗೆದದ್ದನ್ನು ಸಿಸ್ಟರ್ ಮತ್ತು ನಾನು ಇಬ್ಬರೂ ನೋಡಿ ಒಪ್ಪಿಕೊಂಡೆವು. ಹುಡುಗಿ ಕಣ್ಣು ತೆರೆಯುವವರೆಗೆ ಡಾಕ್ಟರ್ ಟ್ಯೂಬು ತೆಗೆಯಲಿಲ್ಲ. ತೆಗೆದ ಮೇಲೆ ಅವಳು ಕೆಮ್ಮಿ, ಉಸಿರೆಳೆದು, ಕೋಣೆಯ ಹೊರಗಿನವರಿಗೂ ಕೇಳುವಂತೆ ಅತ್ತಳು. ಧ್ವನಿ ಒಡೆದಿರಲಿಲ್ಲ.

“ಅಬ್ಬಾ, ಎಂಥಾ ಗಂಟ್ಲು!” ಎಂದರು ಸಿಸ್ಟರ್. “ಮೀನ್ ಮಾರ್ಕೆಟಲ್ಲಿ ಕೂರ್ಸಿದ್ರೆ ಹನ್ನೊಂದು ಗಂಟೆಗೆ ಬುಟ್ಟಿ ಖಾಲಿ.” ಹೇಳಿ ಮುಗಿಸಿ ಗೋಡೆಗೆ ಒರಗಿ ನಿಂತರು. ಅವರ ಕಣ್ಣು ತುಂಬಿತ್ತು.

ಡಾಕ್ಟರ್ ನನ್ನನ್ನು ಕರೆದು ಹೇಳಿದರು: “ಹೊರಗೆ ಹೋಗಿ ಸರಿಯಾದ ವಯಸ್ಸು ಕೇಳು. ನಾನು ಕೇಳಿದ್ರೆ ಕಾರ್ಡ್ ತೋರಿಸ್ತಾರೆ.”

ತಾಯಿ ಮತ್ತು ಅಜ್ಜಿ ಬೆಂಚಿನಲ್ಲಿ ಕೂತಿದ್ದರು. ಅಳು ಕೇಳಿ ಇಬ್ಬರೂ ಎದ್ದು ನಿಂತಿದ್ದರು.

“ಅಡ್ಡಿಲ್ಲ, ಎಚ್ಚರ ಆಯ್ತು,” ಎಂದೆ. ಆಮೇಲೆ ಕೇಳಿದೆ: “ಅಜ್ಜಿ, ಮೊಮ್ಮಗ್ಳಿಗೆ ಶಾಲೆಗೆ ಏಳು. ಮನೆಗೆ ಎಷ್ಟು?”

ತಾಯಿ ನೆಲ ನೋಡಿದಳು. ಅಜ್ಜಿ ನನ್ನ ಮುಖ ನೋಡಿದರು. “ನೀ ಯಾವ ಊರನೋ ತಮಾ?”

ನನ್ನ ಊರು ಹೇಳಿದೆ.

“ಹಂಗಾರೆ ನಿಂಗೆ ಗೊತ್ತಿರ್ತದೆ,” ಎಂದು ಕೂತರು. “ಬಂದ್ ಆಗಿತ್ತಲಾ, ಕೊರೋನಾ, ರಿಕ್ಷಾ ಎಲ್ಲಾ ನಿಂತಿತ್ತಲಾ? ಆವಾಗ ಹುಟ್ಟಿದ್ದು ಇದು. ನಮ್ಮನೇಲೇ ಹುಟ್ತು. ಕಾಗ್ದಾ ಮಾಡ್ಸುಕೆ ಯಾರು ಹೋಗುದು? ಆಮೇಲೆ ಮಾಡ್ಸಿದ್ದು.”

“ಹಂಗಾರೆ ಐದೂವರೆ. ಏಳು ಎಂತಕೆ ಮಾಡ್ಸಿದ್ರಿ?”

“ರಸ್ತೆಗೆ.”

ನನಗೆ ತಿಳಿಯಲಿಲ್ಲ. ಆಗ ತಾಯಿ ಹೇಳಿದಳು. ಶಾಲೆ ಹೆದ್ದಾರಿಯ ಆಚೆ ಇದೆ. ರಸ್ತೆ ನಾಲ್ಕು ಪಥದ್ದಾದ ಮೇಲೆ ಒಂದು ಮಗುವನ್ನು ಒಂಟಿಯಾಗಿ ದಾಟಿಸಲು ಯಾರಿಗೂ ಧೈರ್ಯವಿಲ್ಲ. ಬೆಳಿಗ್ಗೆ ದೊಡ್ಡವರೆಲ್ಲ ಗದ್ದೆಗೆ, ಕೂಲಿಗೆ. ಆದ್ದರಿಂದ ಅವರ ಕೇರಿಯಲ್ಲಿ ಮಕ್ಕಳನ್ನು ಜೋಡಿಯಾಗಿಯೇ ಶಾಲೆಗೆ ಸೇರಿಸುತ್ತಾರೆ, ಕೈ ಹಿಡಿದುಕೊಂಡು ದಾಟಬೇಕು. ದೊಡ್ಡಪ್ಪನ ಮಗಳಿಗೆ ಆರು ತುಂಬಿತ್ತು, ಜೋಡಿ ಇರಲಿಲ್ಲ. ಇವಳಿಗೆ ನಾಲ್ಕು ದಾಟಿತ್ತು. ಆಧಾರಿಗೆ ಹೆಸರು ಬರೆಸುವಾಗ ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು ಹೇಳಿದರು.

“ಅಕ್ಕೋರಿಗೂ ಗೊತ್ತದೆ,” ಎಂದರು ಅಜ್ಜಿ, ಶಾಲೆಯ ಶಿಕ್ಷಕಿಯ ಬಗ್ಗೆ. “ಸಣ್ಣದು, ಹಿಂದೆ ಕೂತ್ಕಂಡು ನಿದ್ದೆ ಮಾಡ್ಲಿ ಅಂದ್ರು. ಒಂದು ವರ್ಷ ಹೆಚ್ಚು ಹೇಳಿದ್ರೆ ಯಾರ ಗಂಟು ಹೋಗ್ತದೆ ತಮಾ?”

ನಾನು ಒಳಗೆ ಏನಾಯಿತೆಂದು ಹೇಳಲಿಲ್ಲ. ಅದನ್ನು ಡಾಕ್ಟರೇ ಸಂಜೆ ಅವರಿಬ್ಬರನ್ನು ಕೂರಿಸಿಕೊಂಡು ಪೂರ್ತಿಯಾಗಿ ಹೇಳಿದರು. ಮೂರು ನಿಮಿಷವನ್ನೂ ಹೇಳಿದರು, ಎಂಬತ್ತೆಂಟನ್ನೂ ಹೇಳಿದರು. ತಾಯಿ ಮಗಳ ಎದೆಯ ಮೇಲೆ ಕೈಯಿಟ್ಟು ಕೂತಿದ್ದಳು. ಅಜ್ಜಿ, “ನಾ ಹೇಳ್ದದ್ದು ರಸ್ತೆಗೆ. ಇಲ್ಲಿ ತನಕ ಬತ್ತದೆ ಅಂತ ಯಾರಿಗೆ ಗೊತ್ತಿತ್ತು?” ಎಂದರು.

ಅಂದೇ ನಾನು ಡಾಕ್ಟರರಿಗೆ ನನ್ನ ಅನುಮಾನದ ವಿಷಯ ಹೇಳಿದೆ. “ನಿನ್ನೆ ನಂಗೆ ಹೊಳೆದಿತ್ತು ಸಾರ್. ನಾನೂ ಹಾಗೇ ಬರೆಸಿಕೊಂಡವನು. ಕೇಳಲಿಲ್ಲ.”

ಅವರು ಕೈ ತೊಳೆಯುತ್ತಿದ್ದರು. “ತೂಕ ನೋಡಿದವನು ನಾನು. ನಂಬಲಿಲ್ಲ,” ಎಂದರು. ಆಮೇಲೆ, “ನಿನ್ ವಯಸ್ಸೂ ಸುಳ್ಳಾ? ಹಂಗಾರೆ ನಿಂಗೆ ಯಾವ ಟ್ಯೂಬ್ ಹಾಕುದೋ ಮಾರಾಯ?” ಎಂದು ಕೇಳಿದರು. ಮೇಡಂ ಅಲ್ಲೇ ಬ್ಯಾಗು ತುಂಬಿಕೊಳ್ಳುತ್ತಿದ್ದರು. ಏಳು ವರ್ಷದ ಬಾಯಲ್ಲಿ ಕೆಳಗಿನ ಮುಂದಿನ ಹಲ್ಲಾದರೂ ಬದಲಾಗಿರಬೇಕಿತ್ತು, ತಡವಾಗಿರಬಹುದೆಂದು ಬರೆದವಳು ತಾನೇ ಎಂದರು. ಯಾರೂ ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

ಅಂದಿನಿಂದ ನಮ್ಮ ತಪಾಸಣೆಯ ಕೋಣೆಯಲ್ಲಿ ಕಾರ್ಡು ನೋಡಿದ ಮೇಲೆ ನಾನು ಇನ್ನೊಂದು ಪ್ರಶ್ನೆ ಕೇಳುತ್ತೇನೆ. ಬಂದ್ ಆದಾಗ ಮಗು ಹೊಟ್ಟೆಯಲ್ಲಿತ್ತೋ, ತೊಟ್ಟಿಲಲ್ಲಿತ್ತೋ, ನಡೆಯುತ್ತಿತ್ತೋ? ತಾಯಂದಿರು ಥಟ್ಟನೆ ಉತ್ತರ ಕೊಡುತ್ತಾರೆ, ಆ ಉತ್ತರ ತಪ್ಪಿದ್ದನ್ನು ನಾನು ಕಂಡಿಲ್ಲ. ಹೊಳ್ಳೆಯಿಂದ ಕಿವಿಯ ತನಕ, ಅಲ್ಲಿಂದ ಕತ್ತಿನ ಕೆಳಗಿನ ಗುಣಿಯ ತನಕ ಒಂದು ದಾರ ಹಿಡಿದು ಅಳೆದೂ ನೋಡುತ್ತೇವೆ. ಲೆಕ್ಕ ಮತ್ತು ದಾರ ಒಪ್ಪದಿದ್ದರೆ ಮತ್ತೆ ಮನೆಯವರನ್ನು ಕೇಳುತ್ತೇವೆ. ಟ್ಯೂಬು ಬದಲಾದರೆ ಎರಡೂ ಅಂಕಿಯನ್ನು ಹೊಡೆದು ಹಾಕಿ ಹೊಸದಾಗಿ ಬರೆಯುತ್ತೇವೆ. ತಲೆ ಬಾಗಿಸಿ ಕೇಳದೆ ಮೇಡಂ ಕೆಲಸ ಶುರುಮಾಡುವುದಿಲ್ಲ. ಈಗ ನಾನು ಎರಡು ಉಸಿರು ಕಾಯುವುದೂ ಇಲ್ಲ.

ಆ ಮೂರು ನಿಮಿಷವನ್ನು ಕಂಡವರು ನಾವು ನಾಲ್ವರು. ತಲೆಯ ಕೆಳಗೆ ಬಟ್ಟೆ ಇಟ್ಟ ಸಿಸ್ಟರ್ ಈ ಮಳೆಗಾಲದಲ್ಲಿ ಮಾಜಾಳಿಯ ತಮ್ಮ ಮನೆಯಲ್ಲಿ ತೀರಿಕೊಂಡರು. ಟ್ಯೂಬನ್ನು ಹಿಂದಕ್ಕೆಳೆದ ಅರಿವಳಿಕೆ ಡಾಕ್ಟರ್ ಇದ್ದಾರೆ, ಕಾರವಾರದಲ್ಲೇ. ತಲೆಯನ್ನು ಮುಟ್ಟದೆ ಕೈ ಹಿಡಿದುಕೊಂಡು ಕೂತಿದ್ದ ಮೇಡಂ ಇದ್ದಾರೆ, ಎರಡು ವಾರಕ್ಕೊಮ್ಮೆ ಗುರುವಾರ ಬರುತ್ತಾರೆ. ಗುರುತು ಓದಿದ ನಾನು ಇದ್ದೇನೆ, ಕಾರವಾರದ ಪಕ್ಕದ ಶಿರವಾಡದಲ್ಲಿ. ಹುಡುಗಿ ಏನನ್ನೂ ಕಾಣಲಿಲ್ಲ. ಅವಳೂ ಇದ್ದಾಳೆ.